ತಪ್ಪು ಬೇರೆ, ಋಣ ಬೇರೆ

ಬಿ.ಸಿ.ಎ. ತರಗತಿಯಲ್ಲಿ ನನ್ನಿಂದ ಕನ್ನಡ ಕಲಿತಿದ್ದ ಹುಡುಗನೊಬ್ಬ ಮೊನ್ನೆ ಸಿಹಿಯ ಪೊಟ್ಟಣ ಹಿಡಿದು ಮನೆಗೆ ಬಂದ. ಐದು ವರ್ಷ ಬೆಂಗಳೂರಿನ ಕಂಪನಿಯೊಂದರ ಹೆಲ್ಪ್‌ಡೆಸ್ಕಿನಲ್ಲಿ ದುಡಿದವನಿಗೆ ಈಗ ಅಲ್ಲಿಯೇ ಸಾಫ್ಟ್‌ವೇರ್ ಬರೆಯುವ ಕೆಲಸ ಸಿಕ್ಕಿತ್ತು. “ಅಂತೂ ಮೇಲೆ ಬಂದೆಯಪ್ಪಾ” ಎಂದೆ. ಅವನು ನಗಲಿಲ್ಲ. “ನಾನು ಮೇಲೆ ಬಂದೆ ಸಾರ್, ಜೊತೆಯವನೊಬ್ಬ ಕೆಳಗೆ ಬಿದ್ದ” ಎಂದ.

ಹೆಲ್ಪ್‌ಡೆಸ್ಕ್ ಎಂದರೆ ಕಂಪ್ಯೂಟರು ಕೈಕೊಟ್ಟವರ ದೂರನ್ನು ಮೊದಲು ಕೇಳುವ ಜಾಗ. ಪ್ರತಿಯೊಂದು ದೂರಿಗೂ ಒಂದು ಸಂಖ್ಯೆ. ಅದಕ್ಕೆ ಟಿಕೆಟ್ ಎಂದು ಹೆಸರು. ಇಷ್ಟು ಹೊತ್ತಿನೊಳಗೆ ಉತ್ತರ ಹೋಗಬೇಕೆಂಬ ಕರಾರು ಬೇರೆ. ಅಮೆರಿಕದವರ ಹಗಲಿಗಾಗಿ ತನ್ನ ರಾತ್ರಿಯನ್ನು ತೆತ್ತು, ಪಾಸ್‌ವರ್ಡ್ ಮರೆತವರನ್ನು ದಿನವೂ ಸಮಾಧಾನಪಡಿಸಿ ಬೇಸತ್ತ ಹುಡುಗ, ರಜೆಯ ದಿನಗಳಲ್ಲಿ ಪೈಥಾನ್ ಕಲಿತ. ಮರೆತವರು ತಾವೇ ಹೊಸ ಪಾಸ್‌ವರ್ಡ್ ಪಡೆಯುವಂತೆ ಒಂದು ಪ್ರೋಗ್ರಾಂ ಬರೆದ. ಕರೆಗಳು ಇಳಿದವು, ಮೇಲಿನವರು ಮೆಚ್ಚಿ ಬಡ್ತಿ ಕೊಟ್ಟರು. ಕರೆಯೇ ಇಲ್ಲದ ಮೇಲೆ ಅಷ್ಟು ಜನ ಏಕೆಂದು, ಗುತ್ತಿಗೆಯ ಮೇಲಿದ್ದ ಒಬ್ಬನನ್ನು ಮನೆಗೆ ಕಳಿಸಿದರು. ಈ ಹುಡುಗನಿಗೆ ಮೊದಲ ವಾರ ಕೆಲಸ ಹೇಳಿಕೊಟ್ಟವನು ಅವನೇ.

“ನಾನು ಮಾಡಿದ್ದು ತಪ್ಪೇ ಸಾರ್?”

ತಪ್ಪಲ್ಲ ಎಂದುಬಿಡುವುದು ಸುಲಭ; ಅದಕ್ಕೆ ನ್ಯಾಯವೂ ಉಂಟು. ಈ ವೃತ್ತಿಯವರು ಅನುಸರಿಸುವ ಐಟಿಐಎಲ್ ಎಂಬ ಪದ್ಧತಿಯೊಂದಿದೆ. 1980ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರಿ ಸಂಸ್ಥೆಯೊಂದರಲ್ಲಿ ರೂಪುಗೊಂಡದ್ದು. ಅದು ಘಟನೆಯೇ ಬೇರೆ, ಸಮಸ್ಯೆಯೇ ಬೇರೆ ಎನ್ನುತ್ತದೆ. ಒಬ್ಬನ ಕೆಲಸ ನಿಂತರೆ ಅದು ಘಟನೆ. ಅಂಥ ಘಟನೆಗಳಿಗೆ ಬೇರಾಗಿರುವುದು ಸಮಸ್ಯೆ. ಘಟನೆಯನ್ನು ಸರಿಪಡಿಸುವವನು ಬಾಯಾರಿದವನಿಗೆ ನೀರು ಕೊಡುವವನು. ಸಮಸ್ಯೆಯನ್ನು ಕೀಳುವವನು ಬಾವಿ ತೋಡುವವನು. ಊರಿಗೆ ಬಾವಿಯಾದರೆ ನೀರು ಹೊರುವವನ ಕೂಲಿ ಹೋದೀತೆಂದು ಬಾವಿಯನ್ನೇ ತೋಡಬಾರದೆನ್ನಲಾದೀತೆ?

ಆಗದು. ಆದರೆ ಬಾವಿ ತೋಡಿದವನಿಗೆ ನೀರಿನ ನೆಲೆ ತೋರಿಸಿದವರು ಯಾರು? ಜನ ಎಲ್ಲಿ ಎಡವುತ್ತಾರೆಂಬುದು ಹುಡುಗನಿಗೆ ತಿಳಿದದ್ದು ಪುಸ್ತಕದಿಂದಲ್ಲ, ಐದು ವರ್ಷ ಕೇಳಿದ ದೂರುಗಳಿಂದ. ಕೇಳುವುದನ್ನು ಕಲಿಸಿದವನು ಆ ಗೆಳೆಯ. ಬಡ್ತಿಯ ಪತ್ರದಲ್ಲಿ ಮಾತ್ರ ಒಂದೇ ಹೆಸರು. ಕೇಳುವ ಕೆಲಸವನ್ನು ಕೆಳಗಿಟ್ಟು, ಬರೆಯುವ ಕೆಲಸವನ್ನು ಮೇಲಿಟ್ಟವರು ಕಂಪನಿಯವರಷ್ಟೇ ಅಲ್ಲ. “ಮೇಲೆ ಬಂದೆಯಪ್ಪಾ” ಎಂದ ನಾನೂ ಅದನ್ನೇ ಮಾಡಿದ್ದೆ.

ನಾನೆಂದೆ: “ತಪ್ಪು ಬೇರೆ, ಋಣ ಬೇರೆ. ಅವನನ್ನು ಕಳಿಸಿದವನು ನೀನಲ್ಲ, ತಪ್ಪು ನಿನ್ನದಲ್ಲ. ಆದರೆ ಅವನು ಕಲಿಸಿದ್ದರಿಂದ ನಿನಗೆ ಒಳ್ಳೆಯದಾಗಿದೆ, ಋಣ ನಿನ್ನದೇ. ತಪ್ಪಿಗೆ ಪಶ್ಚಾತ್ತಾಪ ಪಡಬೇಕು. ಋಣಕ್ಕೆ ಅದು ಸಾಲದು, ತೀರಿಸಬೇಕು. ನೀನು ಕಲಿತದ್ದನ್ನು ಅವನಿಗೂ ಕಲಿಸು.”

ಹುಡುಗ ತಲೆ ತಗ್ಗಿಸಿದ. “ಫೋನ್ ಮಾಡಿದರೆ ಅವನು ಎತ್ತುತ್ತಿಲ್ಲ ಸಾರ್.”

“ಹಾಗಾದರೆ ಮನೆಗೇ ಹೋಗು. ದೂರು ಕೇಳುವುದು ನಿನಗೆ ಹೊಸತೇನಲ್ಲವಲ್ಲ.”

ಅವನು ಹೋದನೋ ಇಲ್ಲವೋ ತಿಳಿಯದು. ನಾನಂತೂ ಯಾರನ್ನಾದರೂ ಮೇಲೆ ಬಂದೆ ಎಂದು ಹೊಗಳುವ ಮೊದಲು ಈಗ ಒಂದು ಕ್ಷಣ ತಡೆಯುತ್ತೇನೆ. ಮೇಲೆ ಬಂದವರಲ್ಲಿ ಯಾರ ಹೆಗಲನ್ನೂ ಮೆಟ್ಟದೆ ಬಂದವರು ಎಷ್ಟು ಮಂದಿ? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.