ಬೆಲೆ ಕೊಟ್ಟ ಮಾತ್ರಕ್ಕೆ ಋಣ ತೀರುವುದೇ?

ಶರನ್ನವರಾತ್ರವು ಸಮೀಪಿಸುತ್ತಿದ್ದಂತೆ ನಮ್ಮ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳು ಮತ್ತೆ ಬೆಳಕನ್ನು ಕಾಣುತ್ತವೆ. ರಕ್ತಚಂದನದ ಪಟ್ಟದ ಗೊಂಬೆಗಳು, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಕಿನ್ನಾಳದ ಗರುಡ ಮೊದಲಾದ ಮೂರ್ತಿಗಳು ಮೆಟ್ಟಿಲುಗಳನ್ನೇರಿ ಕುಳಿತುಕೊಳ್ಳುತ್ತವೆ. ಇದು ಅಜ್ಜಿ ಕೊಟ್ಟದ್ದು, ಇದು ತವರಿನಿಂದ ಬಂದದ್ದು ಎಂದು ಒಂದೊಂದಕ್ಕೂ ಮನೆಯ ಹೆಂಗಸರು ಒಂದೊಂದು ವೃತ್ತಾಂತವನ್ನು ಹೇಳಬಲ್ಲರು. ಆದರೆ ಇದನ್ನು ಮಾಡಿದವರು ಯಾರು ಎಂದು ಕೇಳಿದರೆ ಉತ್ತರಿಸತಕ್ಕವರು ಬಹು ವಿರಳ.

ಇಂತಹ ಹಳೆಯ ವಸ್ತುಗಳಿಗೆ ಈಗ ಸಂಗ್ರಾಹಕರಲ್ಲಿ ವಿಶೇಷವಾದ ಬೆಲೆ ಬಂದಿದೆ. ಮನೆ ಪಾಲಾಗುವಾಗ, ಹಳೆಯ ತೊಟ್ಟಿಯ ಮನೆಯನ್ನು ಕೆಡವುವಾಗ, ಗೊಂಬೆಗಳೂ ದೇವರ ಮಂಟಪಗಳೂ ಗಾಜಿನ ಚೌಕಟ್ಟಿನ ಮೈಸೂರು ಶೈಲಿಯ ಚಿತ್ರಪಟಗಳೂ ವರ್ತಕರ ಕೈ ಸೇರುತ್ತವೆ. ಹಳೆಯವು ಮಾತ್ರವಲ್ಲ, ಕಸುಬಿನವನ ಮನೆಯ ಬಾಗಿಲಲ್ಲಿ ಚೌಕಾಶಿ ಮಾಡಿ ಕೊಂಡ ಹೊಸ ಮೂರ್ತಿಯೂ ಪಟ್ಟಣದ ಅಂಗಡಿಯಲ್ಲಿ ಹತ್ತರಷ್ಟು ಬೆಲೆಗೆ ಮಾರಾಟವಾಗುವುದುಂಟು. ಆ ಸುದ್ದಿ ಮಾಡಿದವನ ಕಿವಿಗೆ ಬಿದ್ದಾಗ ಅವನ ಮನಸ್ಸಿಗೆ ಏನನ್ನಿಸಬಹುದು? ಆ ದುಃಖವು ನ್ಯಾಯವಾದದ್ದೇ, ಅಥವಾ ಫಲಾಸಕ್ತಿಯಿಂದ ಹುಟ್ಟಿದ ಮೋಹವೇ? ಈ ಪ್ರಶ್ನೆಯನ್ನು ನಾವು ಇಲ್ಲಿ ಯಥಾಮತಿಯಾಗಿ ವಿಚಾರಿಸಲು ಬಯಸುತ್ತೇವೆ.

ಮೊದಲು ಆ ಕೆಲಸದ ಸ್ವರೂಪವನ್ನು ತಿಳಿಯುವುದು ಉಚಿತ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದಾಗ, ಉಜ್ಜುವಿಕೆಯ ಶಾಖದಿಂದಲೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅನಂತರ ಕೇದಗೆಯ ಒಣಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಒತ್ತಡವು ಸ್ವಲ್ಪ ಹೆಚ್ಚಾದರೂ ಕಡಮೆಯಾದರೂ ಬಣ್ಣ ಕೆಡುತ್ತದೆ. ಅದನ್ನು ಕೈಯೇ ಬಲ್ಲುದು. ಈ ಕಸುಬಿನಲ್ಲಿ ಮುಸಲ್ಮಾನ ಕುಟುಂಬಗಳೂ ಬಹಳವಾಗಿವೆ. ಅವರ ಶ್ರಮವು ನಮ್ಮ ಮನೆಯ ಮೆಟ್ಟಿಲಿನ ಮೇಲೆ ಕಲಶದ ಪಕ್ಕದಲ್ಲಿ ಕುಳಿತು ಆರತಿಯನ್ನು ಕಾಣುತ್ತದೆ.

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಕೆತ್ತಿ ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಿಸೆಬೀಜದ ಅಂಟಿನೊಡನೆ ಕಲಸಿದ ‘ಕಿಟ್ಟ’ವೆಂಬ ಮಿಶ್ರಣದಿಂದ ಸಂದುಗಳನ್ನು ಮುಚ್ಚಿ ಮೈಯನ್ನು ತಿದ್ದುತ್ತಾರೆ. ಅದರ ಮೇಲೆ ಆಭರಣಗಳನ್ನು ಉಬ್ಬಾಗಿ ಮೂಡಿಸಿ ಬಣ್ಣ ಹಚ್ಚುತ್ತಾರೆ. ಹಂಪೆಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರು ಇವರ ಪೂರ್ವಿಕರೇ ಎಂದು ಹೇಳುವ ವಾಡಿಕೆಯಿದೆ. ಆ ಚಿತ್ರಗಳನ್ನು ತಲೆಯೆತ್ತಿ ನೋಡಿ ಬೆರಗಾಗುವವರು ಅನೇಕರಿದ್ದಾರೆ. ಬರೆದವರ ಹೆಸರನ್ನು ಬಲ್ಲವರು ಯಾರೂ ಇಲ್ಲ.

ಹೀಗೆ ದಿನಗಟ್ಟಲೆ ಕುಳಿತು ಮಾಡಿದ ವಸ್ತುವನ್ನು ಕೊಂಡವನು ಹೆಚ್ಚು ಬೆಲೆಗೆ ಮಾರಿದಾಗ, ಮಾಡಿದವನ ಮನಸ್ಸಿನಲ್ಲಿ ಒಂದೇ ಬಗೆಯ ಭಾವವು ಏಳುವುದಿಲ್ಲ. ಕೆಲವರಿಗೆ ಸಂತೋಷವೇ ಆಗುತ್ತದೆ. ತನ್ನ ಕೆಲಸವನ್ನು ಇಷ್ಟು ಬೆಲೆ ಕೊಟ್ಟು ಕೊಳ್ಳುವವರಿದ್ದಾರಲ್ಲಾ ಎಂಬುದೇ ಅವರಿಗೆ ಸನ್ಮಾನ. ಮಾರಿದ ಮೇಲೆ ಅದರ ಚಿಂತೆ ನನಗೇಕೆ ಎಂದು ನಿರಾಳವಾಗಿರುವವರೂ ಉಂಟು. ನೋವು ಪಡುವವರ ನೋವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಎಳೆಗಳು ಕಾಣುತ್ತವೆ. ಮೊದಲನೆಯದು ಹಣಕ್ಕೆ ಸೇರಿದ್ದು: ಮನೆಯಲ್ಲಿ ಕಷ್ಟವಿದ್ದಾಗ ಕೇಳಿದ ಬೆಲೆಗೆ ಕೊಟ್ಟುಬಿಟ್ಟೆ, ಲಾಭವು ಇನ್ನೊಬ್ಬನದಾಯಿತು ಎಂಬುದು. ಎರಡನೆಯದು ವಿಶ್ವಾಸಕ್ಕೆ ಸೇರಿದ್ದು: ಪೂಜೆಗೆ ಬೇಕು ಎಂದದ್ದರಿಂದ ಬೆಲೆಯನ್ನು ಇಳಿಸಿದೆ, ಅವನು ಅದನ್ನು ಸರಕನ್ನಾಗಿ ಮಾಡಿದ ಎಂಬುದು. ಮೂರನೆಯದು ಹೆಸರಿಗೆ ಸೇರಿದ್ದು: ವಸ್ತುವು ಕೈಯಿಂದ ಕೈಗೆ ಹೋಗುತ್ತ ಮಾಡಿದವನ ಗುರುತೇ ಅಳಿದು, ಕೊನೆಗೆ ಇಂಥ ದೊಡ್ಡವರ ಸಂಗ್ರಹದ್ದು ಎಂಬ ಮಾತೊಂದೇ ಉಳಿಯಿತು ಎಂಬುದು.

ಇದಕ್ಕೆ ಪೂರ್ವಪಕ್ಷವು ದುರ್ಬಲವಾದದ್ದೇನೂ ಅಲ್ಲ. ಕ್ರಯವನ್ನು ಕೊಟ್ಟು ಕೊಂಡ ಮೇಲೆ ವಸ್ತುವಿನಲ್ಲಿ ಮಾರಿದವನ ಸ್ವತ್ವವು ನಿವೃತ್ತವಾಗಿ ಕೊಂಡವನದು ಉತ್ಪನ್ನವಾಗುತ್ತದೆ. ವರ್ತಕನು ಹಣ ಹೂಡಿ, ವರ್ಷಗಟ್ಟಲೆ ಕಾಪಾಡಿ, ಕೊಳ್ಳುವವನನ್ನು ಹುಡುಕುತ್ತಾನೆ. ಬೆಲೆ ಇಳಿದಿದ್ದರೆ ಮಾಡಿದವನು ನಷ್ಟದಲ್ಲಿ ಪಾಲು ಕೊಡುತ್ತಿದ್ದನೇ? ವಾಣಿಜ್ಯವೂ ಶಾಸ್ತ್ರಸಮ್ಮತವಾದ ವೃತ್ತಿಯೇ. ಇದೆಲ್ಲಕ್ಕೂ ಮಿಗಿಲಾಗಿ, ಕರ್ಮವನ್ನು ಮಾಡು, ಫಲದಲ್ಲಿ ಆಸಕ್ತಿಯನ್ನಿಡಬೇಡ ಎಂಬುದು ಗೀತೋಪದೇಶದ ತಾತ್ಪರ್ಯವಾಗಿರುವಾಗ, ಮಾರಿಹೋದ ವಸ್ತುವಿಗಾಗಿ ಮರುಗುವುದು ಅಜ್ಞಾನವಲ್ಲವೇ? ಹೀಗೆಂದು ಅವರು ಹೇಳುತ್ತಾರೆ.

ಸ್ವತ್ವದ ವಿಷಯವನ್ನು ನಾವು ಅಲ್ಲಗಳೆಯುವುದಿಲ್ಲ. ಪುರಂದರದಾಸರ ಪೂರ್ವಾಶ್ರಮದ ಐತಿಹ್ಯವು ಎಲ್ಲರಿಗೂ ವಿದಿತವಾದದ್ದು. ಶ್ರೀನಿವಾಸನಾಯಕರ ಪತ್ನಿಯು ಬಡಬ್ರಾಹ್ಮಣನ ವೇಷದಲ್ಲಿ ಬಂದ ಭಗವಂತನಿಗೆ ತನ್ನ ಮೂಗುತಿಯನ್ನು ದಾನ ಮಾಡಿದಳು. ಅವನು ಅದನ್ನು ನಾಯಕರ ಅಂಗಡಿಗೇ ಒಯ್ದನು. ದಾನವಾಗಿ ಬಂದದ್ದನ್ನು ಹಣಕ್ಕಾಗಿ ಒಯ್ದವನನ್ನು ಆ ಕಥೆಯು ಎಲ್ಲಿಯೂ ದೂಷಿಸುವುದಿಲ್ಲ. ಅದರಲ್ಲಿ ಕಣ್ಣು ತೆರೆಯಬೇಕಾಗಿ ಬಂದದ್ದು ಎಲ್ಲವನ್ನೂ ತಕ್ಕಡಿಯಲ್ಲಿಯೇ ತೂಗುತ್ತಿದ್ದ ನಾಯಕರಿಗೆ. ಆದ್ದರಿಂದ ಪುನರ್ವಿಕ್ರಯವು ತನ್ನಷ್ಟಕ್ಕೆ ದೋಷವಲ್ಲವೆಂದು ಒಪ್ಪೋಣ. ಆದರೆ ಸ್ವತ್ವವು ಕಳೆದ ಮಾತ್ರಕ್ಕೆ ಸಂಬಂಧವೂ ಕಳೆಯಿತೇ ಎಂಬುದು ಬೇರೆಯೇ ಪ್ರಶ್ನೆ.

ಈ ಸಂಬಂಧವು ಉಳಿಯುತ್ತದೆಂಬುದನ್ನು ಲೋಕದ ಶಾಸನಗಳೂ ಅಲ್ಪಸ್ವಲ್ಪ ಒಪ್ಪಿವೆ. 1973ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಹರಾಜಿನ ಪ್ರಸಂಗವು ಪ್ರಸಿದ್ಧವಾಗಿದೆ. ರಾಬರ್ಟ್ ರೌಶೆನ್‌ಬರ್ಗ್ ಎಂಬ ಚಿತ್ರಕಾರನ ಒಂದು ಕೃತಿಯನ್ನು ಸ್ಕಲ್ ಎಂಬ ಸಂಗ್ರಾಹಕನು 1958ರಲ್ಲಿ 900 ಡಾಲರಿಗೆ ಕೊಂಡಿದ್ದನು. ಅದು ಆ ದಿನ 85,000 ಡಾಲರಿಗೆ ಮಾರಾಟವಾಯಿತು. ಅಲ್ಲಿಯೇ ಇದ್ದ ಚಿತ್ರಕಾರನು, ನಾನು ದುಡಿದದ್ದೆಲ್ಲ ನಿನ್ನ ಲಾಭಕ್ಕಾಯಿತು ಎಂದು ಸಿಟ್ಟಾದನು. ಇದರಿಂದ ನಿನ್ನ ಮುಂದಿನ ಕೃತಿಗಳ ಬೆಲೆಯೂ ಏರುತ್ತದೆಯಲ್ಲಾ ಎಂಬುದು ಸಂಗ್ರಾಹಕನ ಸಮಾಧಾನ. ಫ್ರಾನ್ಸ್ ದೇಶವು 1920ರಲ್ಲಿಯೇ, ಕೃತಿಯು ಮರಳಿ ಮಾರಾಟವಾದಾಗ ಕಲಾವಿದನಿಗೂ ಒಂದು ಪಾಲು ಸಲ್ಲಬೇಕೆಂದು ಶಾಸನ ಮಾಡಿತ್ತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನಕ್ಕೂ 1994ರ ತಿದ್ದುಪಡಿಯಿಂದ 53ಎ ಎಂಬ ಪ್ರಕರಣವು ಸೇರಿದೆ. ಚಿತ್ರ, ಶಿಲ್ಪ, ರೇಖಾಚಿತ್ರಗಳ ಮೂಲಕೃತಿಯೂ ಗ್ರಂಥಾದಿಗಳ ಮೂಲ ಹಸ್ತಪ್ರತಿಯೂ 10,000 ರೂಪಾಯಿಗೆ ಮೀರಿದ ಬೆಲೆಗೆ ಮರಳಿ ಮಾರಾಟವಾದರೆ, ಕರ್ತೃವಿಗೆ ಅಥವಾ ಅವನ ವಾರಸುದಾರರಿಗೆ ಪಾಲು ಪಡೆಯುವ ಹಕ್ಕಿದೆ. ಆ ಪಾಲು ಬೆಲೆಯ ಶೇಕಡಾ 10ನ್ನು ಮೀರುವಂತಿಲ್ಲ.

ಆದರೆ ಅರಗಿನ ಗೊಂಬೆ, ಬಿದರಿಯ ಪಾತ್ರೆ, ಬೀಟೆಯ ಮಂಟಪ ಇವುಗಳ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಇದ್ದರೂ, ಮಾಡಿದವನು ಇಂಥವನೆಂದು ತಿಳಿಯದಿದ್ದರೆ ಪಾಲನ್ನು ಸಲ್ಲಿಸುವುದು ಯಾರಿಗೆ? ಸಂಗ್ರಾಹಕನು ಹೇಳಿದ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಹೆಸರುಳ್ಳ ಚಿತ್ರಕಾರನಿಗೆ ಒಂದು ಕೃತಿಯ ಬೆಲೆಯೇರಿದರೆ ಮುಂದಿನ ಕೃತಿಗಳಿಗೂ ಬೆಲೆ ಬರಬಹುದು. ಏಕೆಂದರೆ ಬೆಲೆಯು ಹೆಸರನ್ನು ಹಿಡಿದು ನಡೆಯುತ್ತದೆ. ಹೆಸರಿಲ್ಲದ ಗೊಂಬೆಗಾರನಿಗೆ ಆ ಲಾಭವೂ ಇಲ್ಲ. ಮೂರನೆಯ ಎಳೆಯಾದ ಹೆಸರು ಕಡಿದಾಗ ಮೊದಲನೆಯ ಎಳೆಯಾದ ಹಣವೂ ತಾನಾಗಿಯೇ ಕಡಿಯುತ್ತದೆ.

ಇನ್ನು ನಿಷ್ಕಾಮಕರ್ಮದ ಮಾತು. ಫಲಾಸಕ್ತಿಯನ್ನು ಬಿಡು ಎಂಬ ಉಪದೇಶವು ಯಾರಿಗೆ? ಕರ್ಮವನ್ನು ಮಾಡುವ ಸಾಧಕನಿಗೆ, ಅವನ ಸ್ವಂತ ಉದ್ಧಾರಕ್ಕಾಗಿ. ಇನ್ನೊಬ್ಬನ ಕರ್ಮದ ಫಲವನ್ನು ಉಣ್ಣುತ್ತಿರುವವನು ಅವನಿಗೆ ಹೇಳುವುದಕ್ಕಾಗಿ ಅಲ್ಲ. ಉಪವಾಸವು ಶ್ರೇಷ್ಠವೆಂದು ಏಕಾದಶಿಯ ದಿನ ನಾವು ವ್ರತವನ್ನಾಚರಿಸಬಹುದು. ಹಸಿದು ಬಂದ ಕೂಲಿಯವನಿಗೆ ಅದನ್ನೇ ಬೋಧಿಸಿ ಕೂಲಿಯನ್ನು ತಡೆಹಿಡಿದರೆ ಅದು ವ್ರತವೆನಿಸುವುದೇ? ಗೊಂಬೆಗಾರನು ತನ್ನ ಕೆಲಸವನ್ನು ಹರಿಗೆ ಸಮರ್ಪಿಸಿ ನಿಶ್ಚಿಂತನಾದರೆ ಅದು ಅವನ ದೊಡ್ಡತನ. ಆ ದೊಡ್ಡತನವನ್ನು ಅವನಿಂದ ಹಕ್ಕಾಗಿ ಕೇಳಲು ಕೊಂಡವನಿಗೆ ಅಧಿಕಾರವಿಲ್ಲ. ಒಬ್ಬನ ವೈರಾಗ್ಯವು ಇನ್ನೊಬ್ಬನ ಕರ್ತವ್ಯಕ್ಕೆ ರಿಯಾಯಿತಿಯಾಗದು.

ಮಾಡಿದವನು ನಿಮಿತ್ತಮಾತ್ರನು, ಮಾಡಿಸಿದವನು ಭಗವಂತನು, ಆದ್ದರಿಂದ ಹೆಸರಿನ ಮಾತೇಕೆ ಎಂದು ಕೆಲವರು ಹೇಳಬಹುದು. ಈ ಸ್ಥಳದಲ್ಲಿ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಎಚ್ಚರದಿಂದ ನೆನೆಯಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರವು ಬರುತ್ತದೆ. ಅಲ್ಲಿ ಸೂತ್ರಕಾರರು ಕೊಡುವ ದೃಷ್ಟಾಂತವು ರಾಜನದಲ್ಲ, ಋಷಿಯದಲ್ಲ; ಬಡಗಿಯದು. ಬಡಗಿಯು ಮಾಡಿಸುವವನ ನಿಯಮನಕ್ಕೆ ಒಳಗಾಗಿದ್ದರೂ ಅವನಲ್ಲಿ ಕರ್ತೃತ್ವವು ಹೇಗೆ ಇದ್ದೇ ಇರುತ್ತದೆಯೋ, ಹಾಗೆಯೇ ಭಗವಂತನಿಗೆ ಅಧೀನನಾದ ಜೀವನಿಗೂ ಕರ್ತೃತ್ವವುಂಟು ಎಂದು ಆಚಾರ್ಯರು ಭಾಷ್ಯದಲ್ಲಿ ವಿವರಿಸುತ್ತಾರೆ. ಪರಾಧೀನವಾದ ಕರ್ತೃತ್ವವು ಸುಳ್ಳಾದ ಕರ್ತೃತ್ವವಲ್ಲ. ಜಗತ್ತು ಸತ್ಯ, ಜೀವರು ಪರಸ್ಪರ ಭಿನ್ನರು ಎಂದು ಒಪ್ಪಿದ ನಮಗೆ, ಈ ಗೊಂಬೆಯನ್ನು ಮಾಡಿದವನು ಬೇರೊಬ್ಬನಲ್ಲ, ಇವನೇ ಎಂಬುದೂ ಸತ್ಯವೇ ಆಗಬೇಕು. ಕೂಲಿ ಕೊಟ್ಟು ಮಾಡಿಸಿದೆವೆಂದು ಬಡಗಿಯ ಕರ್ತೃತ್ವವನ್ನೇ ಮರೆತರೆ, ನಮ್ಮ ಕರ್ತೃತ್ವವನ್ನು ತಿಳಿಸಲು ಬಂದ ದೃಷ್ಟಾಂತವನ್ನೇ ಕಳೆದುಕೊಂಡಂತಾಯಿತು.

ದೇವ, ಋಷಿ, ಪಿತೃಗಳ ಋಣವನ್ನು ನಾವೆಲ್ಲರೂ ಬಲ್ಲೆವು. ಶತಪಥಬ್ರಾಹ್ಮಣವು ಇವುಗಳೊಡನೆ ಮನುಷ್ಯಋಣವನ್ನೂ ಎಣಿಸಿದೆ. ಆಶ್ರಯವನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುತ್ತದೆಂದು ಅಲ್ಲಿ ಹೇಳಿದೆ. ಬೆಲೆಯು ವಸ್ತುವಿಗೆ ಸಲ್ಲುತ್ತದೆ. ಋಣವು ಮನುಷ್ಯನಿಗೆ ಸಲ್ಲಬೇಕಾದದ್ದು. ಮೊದಲನೆಯದನ್ನು ಕೊಟ್ಟದ್ದರಿಂದ ಎರಡನೆಯದು ತೀರಿತೆಂದು ತಿಳಿಯುವುದೇ ಈ ವಿಷಯದಲ್ಲಿರುವ ಭ್ರಾಂತಿಯೆಂದು ನಮಗೆ ತೋರುತ್ತದೆ.

ಹಾಗಾದರೆ ಗೃಹಸ್ಥರು ಮಾಡಬೇಕಾದದ್ದೇನು? ಅದು ಕಷ್ಟವಾದದ್ದಲ್ಲ. ಗೊಂಬೆಯನ್ನೋ ಮಂಟಪವನ್ನೋ ಕೊಳ್ಳುವಾಗ ಮಾಡಿದವರ ಹೆಸರನ್ನೂ ಊರನ್ನೂ ವರ್ಷವನ್ನೂ ಕೇಳಿ, ಒಂದು ಚೀಟಿಯಲ್ಲಿ ಬರೆದು, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಬೇಕು. ವಸ್ತುವು ಬೇರೆಯವರ ಕೈ ಸೇರುವಾಗ ಆ ಚೀಟಿಯೂ ಜೊತೆಯಲ್ಲಿ ಹೋಗಬೇಕು. ದೇವರ ಕೆಲಸಕ್ಕೆಂದು ಹೇಳಿ ಬೆಲೆ ಇಳಿಸಿಕೊಂಡ ವಸ್ತುವನ್ನು ಲಾಭಕ್ಕಾಗಿ ಮಾರಬಾರದು; ಆ ಇಳಿತವನ್ನು ಕೊಟ್ಟದ್ದು ನಮಗಲ್ಲ, ದೇವರಿಗೆ. ಬಳಕೆ ತಪ್ಪಿದರೆ ಬೇರೊಂದು ಮನೆಯ ಪೂಜೆಗೋ ದೇವಸ್ಥಾನಕ್ಕೋ ಒಪ್ಪಿಸಬಹುದು. ಮಾರಲೇಬೇಕಾಗಿ ಬಂದು ವಿಶೇಷ ಲಾಭವು ದೊರೆತರೆ, ಶಾಸನವು ಕೇಳದಿದ್ದರೂ ಅದರಲ್ಲೊಂದು ಭಾಗವನ್ನು ಮಾಡಿದವರ ಮನೆಗೆ ಮುಟ್ಟಿಸುವುದು ಧರ್ಮ. ಮಾಡಿದವರು ಯಾರೆಂದು ತಿಳಿಯದಿದ್ದರೆ, ಅದೇ ಕಸುಬಿನಲ್ಲಿರುವ ಇನ್ನೊಬ್ಬರಿಂದ ಈ ಸಲದ ನವರಾತ್ರಿಗೆ ಚೌಕಾಶಿಯಿಲ್ಲದೆ ಒಂದು ಗೊಂಬೆಯನ್ನು ಕೊಳ್ಳಬಹುದು.

ಮಾಡುವ ಕೈಗಳಿಗೂ ಒಂದು ಮಾತುಂಟು. ಅದನ್ನು ಉಪದೇಶವೆನ್ನದೆ ವಿಜ್ಞಾಪನೆಯೆಂದು ಭಾವಿಸಬೇಕು. ಮಾರಿದ ವಸ್ತುವು ಎಲ್ಲಿ ಹೋಯಿತು, ಎಷ್ಟಕ್ಕೆ ಹೋಯಿತು ಎಂದು ಬೆನ್ನುಹತ್ತಿದರೆ ಮುಂದಿನ ಮರದ ತುಂಡಿನ ಮೇಲೆ ಕೈ ನಿಲ್ಲುವುದಿಲ್ಲ. ಮಾಡುವಾಗಲೇ ಇಷ್ಟದೈವಕ್ಕೆ ಒಪ್ಪಿಸಿದ ಕೆಲಸದ ಪುಣ್ಯವನ್ನು ಯಾವ ವರ್ತಕನೂ ಮರಳಿ ಮಾರಲಾರನು. ಆದರೆ ತಮ್ಮ ಹೆಸರನ್ನು ಗೊಂಬೆಯ ಪೀಠದಡಿಯಲ್ಲಿ ಬರೆಯಲು ಅವರು ಸಂಕೋಚಪಡಬೇಕಾಗಿಲ್ಲ. ತಾನು ಸ್ವತಂತ್ರನೆಂದು ಬಗೆಯುವುದು ಅಹಂಕಾರ. ಭಗವಂತನ ಪ್ರೇರಣೆಯಿಂದ ನಾನು ಮಾಡಿದೆ ಎಂಬುದು ಇದ್ದ ಸಂಗತಿಯ ನಿವೇದನೆ ಮಾತ್ರ.

ವಿಜಯದಶಮಿಯ ದಿನ ನಾವು ಶ್ರೀಮಧ್ವಜಯಂತಿಯನ್ನು ಆಚರಿಸುತ್ತೇವೆ. ಆ ಹತ್ತು ದಿನಗಳಲ್ಲಿ ಗೊಂಬೆಗಳ ಮುಂದೆ ಆರತಿ ಎತ್ತುವಾಗ ಮಕ್ಕಳು ಯಾವುದಾದರೊಂದು ಗೊಂಬೆಯನ್ನು ತೋರಿಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿದರೆ, ಒಂದು ಹೆಸರನ್ನೂ ಒಂದು ಊರನ್ನೂ ಹೇಳುವಂತಾಗಲಿ. ಬಡಗಿಯ ದೃಷ್ಟಾಂತದಿಂದ ನಮ್ಮ ಸ್ವರೂಪವನ್ನು ನಮಗೆ ತಿಳಿಸಿಕೊಟ್ಟ ಆಚಾರ್ಯರ ಅಂತರ್ಯಾಮಿಯಾದ ಶ್ರೀಹರಿಯು ಆ ಕೈಗಳನ್ನು ಕಾಪಾಡಲಿ.

ಶ್ರೀಕೃಷ್ಣಾರ್ಪಣಮಸ್ತು.