ಬಾಯಿ ತೆರೆಯದ ನೆರೆಯವನು

ಅಲೆಕ್ಸಾಂಡರ್ ಡ್ಯೂಮಾನ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯು 1844ರಿಂದ 1846ರವರೆಗೆ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಅದರ ಖಳರೆಂದರೆ ಓದುಗರಿಗೆ ನೆನಪಾಗುವವರು ಮೂವರು: ಸುಳ್ಳು ದೂರನ್ನು ಬರೆದ ದಾಂಗ್ಲಾರ್, ಅದನ್ನು ಅಂಚೆಗೆ ಹಾಕಿದ ಫೆರ್ನಾಂದ್, ಸ್ವಹಿತಕ್ಕಾಗಿ ನಿರಪರಾಧಿಯನ್ನು ಸೆರೆಗೆ ತಳ್ಳಿದ ಅಧಿಕಾರಿ ವಿಲ್ಫೋರ್. ನಾಲ್ಕನೆಯವನು ದರ್ಜಿ ಕಾದರೂಸ್. ಇವನು ಬರೆಯಲಿಲ್ಲ, ಬರೆಸಲಿಲ್ಲ. ಬರೆಯುವಾಗ ಪಕ್ಕದಲ್ಲಿ ಕುಳಿತಿದ್ದನು, ಅಷ್ಟೆ. ಇಂಥವನನ್ನು ಅಪರಾಧಿಯೆನ್ನಬಹುದೆ?

1815ರಲ್ಲಿ, ಮಾರ್ಸೇಲ್ ಬಂದರಿನ ಮದ್ಯದಂಗಡಿಯಲ್ಲಿ, ದಾಂಗ್ಲಾರನು ಎಡಗೈಯಿಂದ ಆ ಪತ್ರವನ್ನು ಬರೆದಾಗ ಕಾದರೂಸ್ ಕುಡಿದು ಮೈಮರೆತಿದ್ದನು. ಆದರೂ ಆಕ್ಷೇಪಿಸಿದನು. ಪತ್ರವನ್ನು ಮುದುರಿ ಮೂಲೆಗೆಸೆದಾಗ ಅದು ಪರಿಹಾಸವೆಂದು ನಂಬಿದನು. ಆ ಸಂಜೆಯ ಮಟ್ಟಿಗೆ ಅವನನ್ನು ಕ್ಷಮಿಸಬಹುದು.

ಮರುದಿನದ ಮಾತು ಬೇರೆ. ನಿಶ್ಚಯದ ಔತಣದ ನಡುವೆಯೇ ಎಡ್ಮಂಡ್ ದಾಂತೆಸನ ಬಂಧನವಾಯಿತು. ಕಾದರೂಸನಿಗೆ ಎಲ್ಲವೂ ತಿಳಿಯಿತು. ಹೇಳಿಬಿಡಲು ಮುಂದಾದನು ಕೂಡ. ಎಡ್ಮಂಡನು ತಪ್ಪಿತಸ್ಥನೆಂದೇ ಸಿದ್ಧವಾದರೆ ಅವನ ಪಕ್ಷ ವಹಿಸಿದವರೂ ಸಿಕ್ಕಿಬೀಳುವರೆಂದು ದಾಂಗ್ಲಾರ್ ಹೆದರಿಸಿದನು. ಅಷ್ಟು ಸಾಕಾಯಿತು.

ಪಾಪದ ವಿಚಾರದಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವು ಈ ಪತ್ರಿಕೆಯ ಓದುಗರಿಗೆ ಸುಪರಿಚಿತ. ಕಾದರೂಸ್ ಮೂರರಲ್ಲಿಯೂ ಸುಲಭವಾಗಿ ಸೇರುವವನಲ್ಲ. ಅವನು ಆ ಕೃತ್ಯಕ್ಕೆ ಹರ್ಷಿಸಲಿಲ್ಲ, ನೊಂದನು. ಭಯವು ಸಮ್ಮತಿಯಲ್ಲ ಎಂದು ಅವನ ಪರವಾಗಿ ವಾದಿಸಬಹುದು. ಆದರೆ ಆ ಭಯಕ್ಕೂ ಒಂದು ಅವಧಿಯಿತ್ತು. ಕೆಲವೇ ವಾರಗಳಲ್ಲಿ ನೆಪೋಲಿಯನ್ ಮರಳಿ ಪಟ್ಟವೇರಿದನು. ಅವನ ಪಕ್ಷದವನೆಂಬ ಆರೋಪವೇ ಅರ್ಥಹೀನವಾಯಿತು. ಹಡಗಿನೊಡೆಯ ಮೊರೆಲ್ ಎಡ್ಮಂಡನ ಬಿಡುಗಡೆಗಾಗಿ ಮನವಿ ಹಿಡಿದು ಅಲೆದದ್ದು ಆಗಲೇ. ಪತ್ರ ಬರೆದವರಾರೆಂದು ಮೊರೆಲನ ಕಿವಿಗೆ ಒಂದು ಮಾತು ಹಾಕುವುದು ಆಗ ಅಪಾಯದ ಕೆಲಸವಾಗಿರಲಿಲ್ಲ. ಕಾದರೂಸ್ ಹಾಕಲಿಲ್ಲ. ಎಡ್ಮಂಡ್ 14 ವರ್ಷ ಷಾತೊ ದಿಫ್ ಕೋಟೆಯ ಕತ್ತಲೆಯಲ್ಲಿ ಕಳೆದನು. ಅವನ ತಂದೆ ಹಸಿವಿನಿಂದ ಸತ್ತನು. ಆ ಮುದುಕನು ಇರುಳೆಲ್ಲ ಅತ್ತಿತ್ತ ನಡೆಯುವ ಸಪ್ಪಳವು ಕಾದರೂಸನಿಗೆ ಕೇಳಿಸುತ್ತಿತ್ತು.

ಇವನು ಕ್ರೂರಿಯೇನಲ್ಲ. ತನ್ನ ಬಾಕಿಯ ಲೆಕ್ಕದಲ್ಲಿ ಮಾತ್ರ ಬಹಳ ಖಚಿತ. ಎಡ್ಮಂಡ್ ಸಮುದ್ರಯಾನಕ್ಕೆ ಹೊರಟಾಗ ತಂದೆಗೆ 200 ಫ್ರಾಂಕ್ ಕೊಟ್ಟಿದ್ದನು. ಕಾದರೂಸ್ ತನ್ನ 140 ಫ್ರಾಂಕ್ ಸಾಲವನ್ನು ನೆನಪಿಸಿ ಅದರಿಂದಲೇ ವಸೂಲು ಮಾಡಿದನು. ಮುದುಕನು ಉಳಿದ 60ರಲ್ಲಿ ಮೂರು ತಿಂಗಳು ದೂಡಿದನು. ಬಾಕಿ ಕೇಳಲು ಬರುವ ಧೈರ್ಯವು ಸತ್ಯ ಹೇಳಲು ಬಾರದಿದ್ದುದು ವಿಚಿತ್ರವೇನಲ್ಲ, ಊರೂರಿನಲ್ಲಿಯೂ ಕಾಣುವ ಸಂಗತಿಯೇ.

ಮುಂದಿನ ಪತನ ಶೀಘ್ರವಾದುದು. ಪಾದ್ರಿಯ ವೇಷದ ಎಡ್ಮಂಡ್ ಕೊಟ್ಟ ವಜ್ರ, ಅದಕ್ಕಾಗಿ ರತ್ನವ್ಯಾಪಾರಿಯ ಕೊಲೆ, ಸೆರೆ, ಪಲಾಯನ, ಕೊನೆಗೆ ಕೌಂಟನ ಮನೆಯಲ್ಲಿಯೇ ಕಳ್ಳತನ. ಗೋಡೆಯಾಚೆ ಬೆನೆದೆತ್ತೊ ಚೂರಿ ಹಿಡಿದು ಕಾದಿರುವುದನ್ನು ಕೌಂಟನು ಬಲ್ಲನು. ಬಲ್ಲವನೂ ಎಚ್ಚರಿಸದೆ ಕಾದರೂಸನನ್ನು ಹೊರಗೆ ಕಳುಹಿಸುತ್ತಾನೆ. ಏಕೆ ತಿಳಿಸಲಿಲ್ಲವೆಂದು ಸಾಯುವವನು ಕೇಳಿದಾಗ, ಬೆನೆದೆತ್ತೊನ ಕೈಯಲ್ಲಿ ದೇವರ ನ್ಯಾಯವನ್ನು ಕಂಡೆನೆಂಬ ಉತ್ತರ ಬರುತ್ತದೆ. ಕಾದರೂಸನ ಮೌನಕ್ಕೆ ಭಯವೆಂಬ ನೆಪವಾದರೂ ಇತ್ತು. ತನ್ನ ಜೀವನವನ್ನೇ ಸುಟ್ಟ ಮೌನವನ್ನು ಈತನು ಭಯವಿಲ್ಲದೆ, ಅಮಲಿಲ್ಲದೆ, ಧರ್ಮದ ಹೆಸರಿನಲ್ಲಿ ಆಚರಿಸಿದನು.

ಕೌಂಟನಿಗೆ ತನ್ನ ಮೇಲೆಯೇ ಸಂಶಯ ಹುಟ್ಟುವುದು ಬಹಳ ತಡವಾಗಿ, ವಿಲ್ಫೋರನ ಎಳೆಯ ಮಗನ ಶವದ ಮುಂದೆ. ಕಾದರೂಸನ ಶವದ ಮುಂದೆ ಅವನು ಎಣಿಕೆಯನ್ನಷ್ಟೇ ಆರಂಭಿಸಿದ್ದನು.