ಭೋಗಕ್ಕೊಂದು ಪರಿಮಾಣ: ಹಡಗಿನ ದೊಡ್ಡ ಕೋಣೆಯ ಪ್ರಶ್ನೆ

ನ್ಯಾಯದಿಂದ ಗಳಿಸಿದ ಹಣದಲ್ಲಿ ಗೃಹಸ್ಥನು ತನಗಾಗಿ ಎಷ್ಟು ಸುಖವನ್ನು ಕೊಳ್ಳಬಹುದು? ಈ ಪ್ರಶ್ನೆ ಹಳೆಯದು. ಅದು ಮನೆಬಾಗಿಲಿಗೆ ಬರುವ ವೇಷ ಮಾತ್ರ ಕಾಲಕಾಲಕ್ಕೆ ಬದಲಾಗುತ್ತದೆ. ಹಿಂದೆ ಅದು ಜರಿಯ ಸೀರೆಯಾಗಿ, ಮನೆಯ ಎರಡನೆಯ ಅಂತಸ್ತಾಗಿ, ರೈಲಿನ ಮೊದಲನೆಯ ದರ್ಜೆಯಾಗಿ ಬರುತ್ತಿತ್ತು. ಇಂದು ಸಮುದ್ರವಿಹಾರದ ಹಡಗಿನ ಕೋಣೆಯಾಗಿಯೂ ಬರುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ಪ್ರವಾಸಿಗರನ್ನು ಕರೆದೊಯ್ಯಲು ಆರಂಭಿಸಿದ ಮೇಲೆ, ಇಂಥ ಯಾನವು ಪರದೇಶಕ್ಕೆ ಹೋಗಿಬರುವವರ ಮಾತಾಗಿ ಉಳಿದಿಲ್ಲ.

ಸವದತ್ತಿ ತಾಲೂಕಿನ ಸಿರಸಂಗಿಯಲ್ಲಿ ಹತ್ತಿ, ಕಾಳುಗಳ ವ್ಯಾಪಾರದಿಂದ ಬಾಳಿದ ಒಂದು ಮನೆತನವಿದೆಯೆಂದು ಭಾವಿಸಿದರೆ ವಿಷಯ ಸ್ಪಷ್ಟವಾದೀತು. ಗಂಡಹೆಂಡಿರಿಬ್ಬರೂ ಅರವತ್ತು ದಾಟಿದವರು. ಹೆಂಡತಿಗೆ ಮೊಣಕಾಲು ನೋವು. ಪರದೇಶದಲ್ಲಿರುವ ಮಗನು ತಂದೆತಾಯಿಗಳಿಗಾಗಿ ಒಂದು ಹಡಗಿನಲ್ಲಿ ಸಾಧಾರಣ ಕೋಣೆಯನ್ನು ಗೊತ್ತುಮಾಡಿದ್ದಾನೆ. ಅದೇ ದರ್ಜೆಯ ಕೋಣೆಗಳಲ್ಲಿ ಬೀಗರೂ ಇಬ್ಬರು ಸ್ನೇಹಿತರೂ ಬರುವವರಿದ್ದಾರೆ. ಹೊರಡುವುದಕ್ಕೆ ಕೆಲವು ವಾರಗಳಿರುವಾಗ ಕಂಪನಿಯಿಂದ ಒಂದು ಪತ್ರ ಬರುತ್ತದೆ: ‘ಇನ್ನಿಷ್ಟು ಹಣಕ್ಕೆ ಸವಾಲು ಹಾಕಿದರೆ ನಿಮಗೆ ಸ್ವೀಟ್ ದೊರೆಯಬಹುದು.’ ಸ್ವೀಟ್ ಎಂದರೆ ಪ್ರತ್ಯೇಕ ಕೂಡುವ ಜಾಗ, ದೊಡ್ಡ ಬಾಲ್ಕನಿ, ಅನೇಕ ಹಡಗುಗಳಲ್ಲಿ ಬೇರೆಯೇ ಊಟದ ಮನೆ, ಹತ್ತುವಾಗ ಇಳಿಯುವಾಗ ಮೊದಲ ಸರದಿ. ಹಣ ಮನೆಯಲ್ಲಿದೆ, ಸಾಲ ಮಾಡಬೇಕಾಗಿಲ್ಲ. ಹಾಗಿದ್ದ ಮೇಲೆ ಅಡ್ಡಿಯೇನು?

ಮೊದಲು ವ್ಯಾಪಾರಿಯ ಕಣ್ಣಿನಿಂದಲೇ ಇದನ್ನು ನೋಡಬಹುದು. ಸಂತೆಯಲ್ಲಿ ಸೊಪ್ಪು ಮಾರುವವಳು ಹೊತ್ತು ಮುಳುಗುವ ಮುನ್ನ ದರ ಇಳಿಸುತ್ತಾಳೆ, ಏಕೆಂದರೆ ಉಳಿದ ಸೊಪ್ಪು ನಾಳೆಗೆ ಬಾರದು. ಹಡಗಿನ ಖಾಲಿ ಕೋಣೆಯೂ ಅಂಥದೇ ಸರಕು. ಹಡಗು ಬಂದರು ಬಿಟ್ಟ ಕ್ಷಣದಿಂದ ಅದರ ಬೆಲೆ ಸೊನ್ನೆ. ಆದರೆ ಹಡಗಿನವರು ಯಾವಾಗಲೂ ಸಂತೆಯವಳಂತೆ ಬಹಿರಂಗವಾಗಿ ದರ ಇಳಿಸುವುದಿಲ್ಲ. ರಾಯಲ್ ಕೆರಿಬಿಯನ್, ನಾರ್ವೇಜಿಯನ್ ಮೊದಲಾದ ದೊಡ್ಡ ಕಂಪನಿಗಳು ಪ್ರಯಾಣಿಕರಿಂದ ಮುಚ್ಚಿದ ಸವಾಲು ಕೇಳುತ್ತವೆ. ಒಬ್ಬನ ಸವಾಲು ಇನ್ನೊಬ್ಬನಿಗೆ ಕಾಣದು. ಬರೆದ ಮೊತ್ತವು ತಲೆಗೆ ಇಷ್ಟೆಂದು ಲೆಕ್ಕವಾಗುವುದರಿಂದ ಇಬ್ಬರಿಗೆ ಅದು ಎರಡರಷ್ಟಾಗುತ್ತದೆ. ಸವಾಲು ಒಪ್ಪಿತವಾದರೆ ಹಣ ಹಿಂದಿರುಗದು, ಮೊದಲು ಆರಿಸಿಕೊಂಡಿದ್ದ ಕೋಣೆಯೂ ಹಿಂದಿರುಗದು, ಹೊಸ ಕೋಣೆ ಎಲ್ಲಿರಬೇಕೆಂದು ಆರಿಸುವ ಅಧಿಕಾರವೂ ಇಲ್ಲ. ಸವಾಲು ಬರೆಯುವ ಪುಟದಲ್ಲಿ ಒಂದು ಮಾಪಕದ ಚಿತ್ರವಿರುತ್ತದೆ. ಮೊತ್ತ ಏರಿದಂತೆ ಅದರ ಮುಳ್ಳು ‘ದುರ್ಬಲ’ದಿಂದ ‘ಉತ್ತಮ’ದ ಕಡೆಗೆ ಸರಿಯುತ್ತದೆ. ಅಂಗಡಿಯಲ್ಲಿ ಕುಳಿತವನಿಗೆ ಇದರ ಮರ್ಮ ಹೇಳಬೇಕಾಗಿಲ್ಲ. ತಕ್ಕಡಿ ಮಾರುವವನ ಕೈಯಲ್ಲಿದೆ.

ಇಲ್ಲಿಯೇ ಧರ್ಮದ ಪ್ರಶ್ನೆ ಹುಟ್ಟುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನಿಗೆ ಭೋಗೋಪಭೋಗ ಪರಿಮಾಣವ್ರತವನ್ನು ವಿಧಿಸಿದ್ದಾರೆ. ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಯುವುದು ಭೋಗ; ಬಟ್ಟೆಯಂತೆ ಮತ್ತೆಮತ್ತೆ ಬಳಸುವುದು ಉಪಭೋಗ. ಎರಡನ್ನೂ ತ್ಯಜಿಸಬೇಕೆಂದು ಗೃಹಸ್ಥನಿಗೆ ಆಚಾರ್ಯರು ಹೇಳಲಿಲ್ಲ, ಅಳತೆ ಮಾಡಿಕೊಳ್ಳಬೇಕೆಂದರು. ಆ ಅಳತೆ ಜೀವನಪರ್ಯಂತವಾದರೆ ಯಮ, ಒಂದು ದಿನಕ್ಕೋ ಪಕ್ಷಕ್ಕೋ ಋತುವಿಗೋ ಸೀಮಿತವಾದರೆ ನಿಯಮ. ನಿಯಮಕ್ಕೆ ಒಳಪಡಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಭೋಜನದ ಜೊತೆಯಲ್ಲಿಯೇ ವಾಹನವೂ ಶಯನವೂ ಸೇರಿವೆ. ಹಡಗಿನ ಕೋಣೆಯಾದರೋ ವಾಹನವೂ ಹೌದು, ಶಯನವೂ ಹೌದು.

ಪರಿಮಾಣದ ಸ್ವಾರಸ್ಯವಿರುವುದು ಅದರ ಕಾಲದಲ್ಲಿ. ಆಸೆ ಕೆರಳುವುದಕ್ಕೆ ಮೊದಲೇ ಗೆರೆ ಎಳೆದಿರಬೇಕು. ಸವಾಲಿನ ಪದ್ಧತಿ ಇದಕ್ಕೆ ತೀರ ವಿರುದ್ಧ. ಮೊದಲು ಆಸೆಯನ್ನು ತೋರಿಸಿ, ಅನಂತರ ಗೆರೆ ಎಳೆಯಲು ಕೇಳುತ್ತದೆ. ಎಳೆದ ಗೆರೆ ಸಾಲದೆಂದು ಮುಳ್ಳಿನಿಂದ ಸೂಚಿಸುತ್ತದೆ. ಒಂದು ಗಳಿಗೆಯ ಹಿಂದೆ ತೃಪ್ತಿಯಾಗಿದ್ದ ಮನಸ್ಸಿಗೆ ತನ್ನ ಕೋಣೆ ಈಗ ಕಿರಿದೆನಿಸುತ್ತದೆ. ಕೋಣೆ ಕಿರಿದಾಗಲಿಲ್ಲ, ತೃಷ್ಣೆ ಹಿರಿದಾಯಿತು. ಮೂರ್ಛೆಯೇ ಪರಿಗ್ರಹವೆಂದು ತತ್ತ್ವಾರ್ಥಸೂತ್ರ ಹೇಳುವುದರ ಅರ್ಥ ಇಂಥಲ್ಲಿ ಚೆನ್ನಾಗಿ ತಿಳಿಯುತ್ತದೆ. ಸ್ವೀಟ್ ಇನ್ನೂ ಕೈಸೇರಿಲ್ಲ, ಸೇರದೆಯೂ ಹೋಗಬಹುದು. ಪರಿಗ್ರಹ ಮಾತ್ರ ಆಗಲೇ ಮನೆಯೊಳಗೆ ಬಂದು ಕುಳಿತಿದೆ.

ಹಾಗೆಂದು ಎಲ್ಲ ಸೌಕರ್ಯವನ್ನೂ ತೃಷ್ಣೆಯೆಂದು ಜರೆಯುವುದು ಅವಿವೇಕ. ಹೆಂಡತಿಯ ಮೊಣಕಾಲು ನೋವು ಸುಳ್ಳಲ್ಲ. ಅವಶ್ಯಕತೆಯನ್ನು ಅವಶ್ಯಕತೆಯಾಗಿಯೇ ತೂಗಬೇಕು. ಹಾಗೆ ತೂಗಿದಾಗ ಕುತೂಹಲದ ಸಂಗತಿ ಹೊರಬೀಳುತ್ತದೆ. ಹಡಗಿನ ಓಲಾಟವು ಕೆಳಗಿನ ಅಂತಸ್ತುಗಳ ನಡುಭಾಗದಲ್ಲಿ ಅತಿ ಕಡಿಮೆ. ಮೇಲೇರಿದಂತೆ, ತುದಿಗಳ ಕಡೆ ಸರಿದಂತೆ ಹೆಚ್ಚು. ಸ್ವೀಟುಗಳಾದರೋ ಬಹುಮಟ್ಟಿಗೆ ಮೇಲಂತಸ್ತುಗಳಲ್ಲಿಯೇ ಇರುತ್ತವೆ. ತಲೆಸುತ್ತುವವರಿಗೂ ಕಾಲು ನಿಲ್ಲದವರಿಗೂ ದುಬಾರಿಯ ಕೋಣೆಯೇ ಹಿತವೆಂದು ಹೇಳಲಾಗದು. ನಡೆಯಲು ತೊಂದರೆಯಿರುವವರಿಗಾಗಿ ಅಗಲ ಬಾಗಿಲಿನ, ಹಿಡಿಕೆಗಳುಳ್ಳ ಕೋಣೆಗಳು ಬೇರೆಯೇ ಇವೆ. ಅವನ್ನು ಸವಾಲಿನಿಂದಲ್ಲ, ಮೊದಲೇ ಕೇಳಿ ಪಡೆಯಬೇಕು. ನೋವಿಗೆ ಬೇಕಾದುದು ಲಿಫ್ಟಿಗೆ ಸಮೀಪವಾದ ಕೋಣೆ. ಮನಸ್ಸಿಗೆ ಬೇಕಾದುದು ಮೇಲಂತಸ್ತು. ನೋವನ್ನು ಮುಂದಿಟ್ಟು ಮನಸ್ಸು ತನ್ನ ಅಹವಾಲು ಸಲ್ಲಿಸುವುದು ಲೋಕದಲ್ಲಿ ಸಾಮಾನ್ಯ.

ಇನ್ನು ಸಹಪ್ರಯಾಣಿಕರ ವಿಚಾರ. ಭಾರತೀಯ ರೈಲ್ವೆಯು 2006ರಿಂದ ಮೇಲಿನ ದರ್ಜೆಯಲ್ಲಿ ಖಾಲಿ ಉಳಿದ ಆಸನಗಳನ್ನು ಕೆಳಗಿನ ದರ್ಜೆಯವರಿಗೆ ಹೆಚ್ಚಿನ ಹಣವಿಲ್ಲದೆ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಅದು ದೊರೆತವನಿಗೆ ಅದೃಷ್ಟ, ದೊರೆಯದವನಿಗೆ ಅವಮಾನವಿಲ್ಲ. ಹಣಕೊಟ್ಟು ಗೆದ್ದ ಸ್ವೀಟ್ ಹಾಗಲ್ಲ. ಬೇರೆ ಊಟದ ಮನೆಯಿರುವ ಹಡಗಿನಲ್ಲಿ ದಂಪತಿಗಳು ಅಲ್ಲಿ ಉಣ್ಣುವಾಗ ಬೀಗರೂ ಸ್ನೇಹಿತರೂ ಇನ್ನೊಂದೆಡೆ ಉಣ್ಣುತ್ತಾರೆ. ಜೊತೆಗೂಡಿ ಹೋಗಬೇಕೆಂಬುದೇ ಯಾತ್ರೆಯ ಉದ್ದೇಶವಾಗಿದ್ದರೆ, ಆ ಹಣದಿಂದ ಕೊಂಡುದು ಜೊತೆಯ ನಷ್ಟವನ್ನು. ಗಾಂಧೀಜಿಯವರು 1915ರಲ್ಲಿ ಭಾರತಕ್ಕೆ ಮರಳಿದ ಮೇಲೆ ಮೂರನೆಯ ದರ್ಜೆಯಲ್ಲಿಯೇ ಸಂಚರಿಸಿ, 1917ರಲ್ಲಿ ಆ ದರ್ಜೆಯವರ ಕಷ್ಟಗಳನ್ನು ಕುರಿತು ಬರೆದರು. ಮೇಲಿನ ದರ್ಜೆಯ ಕಿಟಕಿಯಿಂದ ಅವು ಅವರಿಗೆ ಕಾಣುತ್ತಿರಲಿಲ್ಲ. ಸಮುದ್ರವಿಹಾರದಲ್ಲಿ ಅಂಥ ಕಷ್ಟವಿಲ್ಲವಾದರೂ, ಕೋಣೆ ಮನುಷ್ಯರನ್ನು ಎಷ್ಟು ದೂರಮಾಡುತ್ತದೆಂಬ ವಿಚಾರ ಅಲ್ಲಿಗೂ ಸಲ್ಲುತ್ತದೆ.

ಇದಕ್ಕೆ ಎರಡು ಆಕ್ಷೇಪಗಳುಂಟು. ಮೊದಲನೆಯದು: ಕೋಣೆ ಹೇಗೂ ಖಾಲಿ ಹೋಗುವುದು, ಬಳಸಿದರೆ ಯಾರಿಗೂ ಹಾನಿಯಿಲ್ಲ, ಹಣ ಕೂಡಿಡುವುದೇ ಧರ್ಮವಾದರೆ ಜಿಪುಣನೇ ಪರಮ ಧರ್ಮಿಷ್ಠನಾಗಬೇಕು. ಇದರಲ್ಲಿ ಸತ್ಯವಿದೆ. ವೆಚ್ಚಮಾಡದೆ ಗಂಟು ಕಟ್ಟಿದವನ ಮೂರ್ಛೆ ಭೋಗಿಯ ಮೂರ್ಛೆಗಿಂತ ಗಟ್ಟಿಯಾಗಿರಬಹುದು. ಆದರೆ ಇತರರಿಗೆ ಹಾನಿಯಿಲ್ಲವೆಂಬುದು ಅರ್ಧ ಲೆಕ್ಕ. ಬಳಸುವವನ ಮೇಲೆ ಆಗುವ ಪರಿಣಾಮವೂ ಲೆಕ್ಕಕ್ಕೆ ಬರಬೇಕು. ಒಮ್ಮೆ ಏರಿದ ಅಳತೆ ಮುಂದಿನ ಯಾತ್ರೆಗೆ ತಳಪಾಯವಾಗುತ್ತದೆ. ಮುಂದಿನ ಸಲ ಸಾಧಾರಣ ಕೋಣೆಯೇ ದುಃಖವಾಗುತ್ತದೆ. ಅನುಭವಿಸಿದ ಭೋಗವನ್ನು ಮತ್ತೆಮತ್ತೆ ನೆನೆಯುವುದನ್ನೂ ಅತಿತೃಷ್ಣೆಯನ್ನೂ ಈ ವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಇದಕ್ಕಾಗಿಯೇ.

ಎರಡನೆಯದು: ಸ್ವೀಟಿಗೆ ಕೊಟ್ಟಷ್ಟೇ ಹಣವನ್ನು ದಾನಕ್ಕೂ ಕೊಟ್ಟರೆ ಸರಿಹೋಗದೆ? ಜಮಾಖರ್ಚು ಬಲ್ಲವನು ಇದನ್ನು ಒಪ್ಪಲಾರನು. ದಾನದ ಖಾತೆ ಬೇರೆ, ಭೋಗದ ಖಾತೆ ಬೇರೆ. ಒಂದರ ಜಮೆಯಿಂದ ಇನ್ನೊಂದರ ಬಾಕಿ ತೀರದು. ದಾನವನ್ನು ಭೋಗದ ಪರವಾನಗಿಯಾಗಿ ಮಾಡಿಕೊಂಡರೆ ಅದು ದಾನವಾಗಿ ಉಳಿಯದು. ಅಭಿಷೇಕದ ಕಲಶಕ್ಕೆ ಸವಾಲು ಕೂಗುವವರೂ ಈ ಎಚ್ಚರವಿರಿಸಿಕೊಳ್ಳಬೇಕು. ಅಲ್ಲಿ ಹಣ ಸತ್ಕಾರ್ಯಕ್ಕೆ ಸಲ್ಲುತ್ತದೆ ನಿಜ. ಆದರೆ ಮುಂದಿನ ಸಾಲಿನಲ್ಲಿ ನಿಲ್ಲುವ ಆಸೆ ಮಾನಕಷಾಯವಾಗಿ ನುಸುಳಬಲ್ಲುದು.

ಸಿರಸಂಗಿಯ ಮಣ್ಣಿನಲ್ಲಿಯೇ ಪರಿಮಾಣದ ಒಂದು ದೊಡ್ಡ ದೃಷ್ಟಾಂತವಿದೆ. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು ಆ ಸಂಸ್ಥಾನದ ಒಡೆಯರು. ಯಾವ ಭೋಗಕ್ಕೂ ಕೊರತೆಯಿಲ್ಲದ ವಾಡೆ ಅವರದು. ಅವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಲಿಂಗರಾಜ ಕಾಲೇಜು 1933ರಿಂದ ಅವರ ಹೆಸರನ್ನು ಹೊತ್ತಿದೆ. ಅವರ ಮತ ವೀರಶೈವ. ಆದರೆ ‘ಇಷ್ಟು ನನ್ನದು, ಉಳಿದುದು ನನ್ನದಲ್ಲ’ ಎಂದು ಗೆರೆ ಎಳೆಯುವ ಧೈರ್ಯಕ್ಕೆ ಮತಭೇದವಿಲ್ಲ. ಅವರು ಮಲಗಿದ್ದ ಕೋಣೆ ಎಷ್ಟು ದೊಡ್ಡದಿತ್ತೆಂದು ಇಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಆ ದಂಪತಿಗಳು ಮಾಡಬೇಕಾದುದೇನು? ಯಾತ್ರೆಯ ವೆಚ್ಚ ಇಷ್ಟೆಂದು ಹೊರಡುವ ಮೊದಲೇ, ಪತ್ರವನ್ನು ಬಿಚ್ಚುವ ಮೊದಲೇ, ಇಬ್ಬರೂ ಕೂತು ಗೊತ್ತುಮಾಡಲಿ. ಹಣ ಮಗನದಾದರೆ ಅವನನ್ನೂ ಕೇಳಲಿ. ದೇಹಕ್ಕೆ ಬೇಕಾದುದನ್ನು ಸಂಕೋಚವಿಲ್ಲದೆ ಮೊದಲು ಕೇಳಿ ಪಡೆಯಲಿ. ಆಮೇಲೂ ಸ್ವೀಟ್ ಬೇಕೆನಿಸಿದರೆ ತಮ್ಮನ್ನೇ ಒಂದು ಮಾತು ಕೇಳಿಕೊಳ್ಳಲಿ: ಹಡಗಿನಲ್ಲಿ ಎಲ್ಲರಿಗೂ ಇದೇ ಕೋಣೆ ಇದ್ದಿದ್ದರೆ, ಊರಿಗೆ ಬಂದು ಯಾರಿಗೂ ಹೇಳುವಂತಿಲ್ಲದಿದ್ದರೆ, ಆಗಲೂ ಇಷ್ಟು ಹಣ ಕೊಡುತ್ತಿದ್ದೆವೆ? ಹೌದೆಂದಾದರೆ, ಗೊತ್ತುಮಾಡಿದ ಅಳತೆಯೊಳಗೆ ಕೊಟ್ಟು ಹೋಗಲಿ, ದೋಷವಿಲ್ಲ. ಅಲ್ಲವೆಂದಾದರೆ, ಕೊಳ್ಳಹೊರಟಿದ್ದು ಕೋಣೆಯನ್ನಲ್ಲ, ಇತರರಿಗಿಂತ ಒಂದು ಮೆಟ್ಟಿಲು ಎತ್ತರವನ್ನು.

ನವಮಂಗಳೂರು ಬಂದರಿಗೆ ಬರುವ ವಿಹಾರದ ಹಡಗುಗಳಿಂದ ಇಳಿದ ಪ್ರವಾಸಿಗರಲ್ಲಿ ಅನೇಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಲು ಬರುತ್ತಾರೆ. ಸ್ವೀಟಿನವರೂ ಕಿಟಕಿಯಿಲ್ಲದ ಒಳಕೋಣೆಯವರೂ ಪಾದರಕ್ಷೆ ಬಿಡುವುದು ಒಂದೇ ಬಾಗಿಲಲ್ಲಿ. ಆ ಬಾಗಿಲಿಗೆ ಸವಾಲಿಲ್ಲ.